ಎಷ್ಟು ದಿನ ಬಾಳಿಕೆ ಬರುತ್ತದೆ?

2024ರಲ್ಲಿ ಅಮೆರಿಕದ ಅಂಗಡಿಗಳಿಗೆ ಎರಡು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ಗಳು ಬಂದವು. ಫೆಬ್ರವರಿಯಲ್ಲಿ ಬಂದ ಆ್ಯಪಲ್ ವಿಷನ್ ಪ್ರೊಗೆ 3,499 ಡಾಲರ್, ಅಕ್ಟೋಬರ್‌ನಲ್ಲಿ ಬಂದ ಮೆಟಾ ಕ್ವೆಸ್ಟ್ 3ಎಸ್‌ಗೆ 299 ಡಾಲರ್. ಮೊದಲನೆಯದಕ್ಕೆ ಆಗ ಕೊಡಬೇಕಿದ್ದ ದುಡ್ಡಿನಲ್ಲಿ ಎರಡನೆಯದನ್ನು ಹನ್ನೊಂದು ಕೊಂಡರೂ ಕೈಯಲ್ಲಿ ಇನ್ನೂರ ಹತ್ತು ಡಾಲರ್ ಮಿಕ್ಕುತ್ತಿತ್ತು. ಎರಡೂ ಮುಖಕ್ಕೆ ಕಟ್ಟಿಕೊಳ್ಳುವಂಥವೇ, ಎರಡೂ ಇಲ್ಲದ ಜಾಗವನ್ನು ಕಣ್ಣೆದುರು ತಂದು ನಿಲ್ಲಿಸುವಂಥವೇ. ಹಾಗಿದ್ದರೆ ಕೊಟ್ಟ ದುಡ್ಡಿಗೆ ತಕ್ಕದ್ದು ಯಾವುದು?

ಇಂಥ ಹೋಲಿಕೆಗೆ ಎಲ್ಲರೂ ಮೊದಲು ನೋಡುವುದು ಅಂಕಿಗಳನ್ನು. ವಿಷನ್ ಪ್ರೊದ ಎರಡು ಪರದೆಗಳಲ್ಲಿ ಒಟ್ಟು 2.3 ಕೋಟಿ ಪಿಕ್ಸೆಲ್‌ಗಳಿವೆ. 3ಎಸ್‌ನಲ್ಲಿ ಸುಮಾರು 70 ಲಕ್ಷ. ಓದಲು ಕೂತಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ, ಸಣ್ಣ ಅಕ್ಷರಗಳು ಒಂದರಲ್ಲಿ ಚೂಪಾಗಿ, ಇನ್ನೊಂದರಲ್ಲಿ ಮಸುಕಾಗಿರುತ್ತವೆ. ಆದರೆ ಬೀಟ್ ಸೇಬರ್‌ನಂಥ ಆಟದಲ್ಲಿ ಹಾಡಿನ ತಾಳಕ್ಕೆ ಎದುರಿಗೆ ಹಾರಿಬರುವ ಚೌಕಗಳನ್ನು ಕತ್ತರಿಸುವವರಿಗೆ ಅಕ್ಷರದ ಚೂಪಿನಿಂದ ಆಗಬೇಕಾದ್ದೇನೂ ಇಲ್ಲ. ಮೆಟಾದವರದೇ ಕ್ವೆಸ್ಟ್ 3 ಮತ್ತು 3ಎಸ್‌ಗಳನ್ನು ಅಕ್ಕಪಕ್ಕ ಇಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡರ ಒಳಗೂ ಒಂದೇ ಚಿಪ್ ಇದೆ. 2024ರಲ್ಲಿ ಕ್ವೆಸ್ಟ್ 3ಕ್ಕೆ ಹೆಚ್ಚಿಗೆ ಕೊಡಬೇಕಿದ್ದ ಇನ್ನೂರು ಡಾಲರ್ ಮುಖ್ಯವಾಗಿ ಕಣ್ಣಿನ ಮುಂದಿನ ಲೆನ್ಸ್‌ಗೆ ಮತ್ತು ಪರದೆಗೆ. 3ಎಸ್‌ನಲ್ಲಿರುವುದು ಬಳೆಬಳೆಯಾಗಿ ಗೆರೆಗಳಿರುವ ಹಳೆಯ ಫ್ರೆನೆಲ್ ಲೆನ್ಸ್: ನಟ್ಟನಡುವೆ ನೋಡಿದರೆ ಚೆನ್ನ, ಅಂಚಿಗೆ ಹೋದಂತೆ ಮಂಜು. ಕ್ವೆಸ್ಟ್ 3ರ ತೆಳು ಪ್ಯಾನ್‌ಕೇಕ್ ಲೆನ್ಸ್‌ನಲ್ಲಿ ಕಣ್ಣು ಅತ್ತಿತ್ತ ಹೊರಳಿಸಿದರೂ ಚಿತ್ರ ಕೆಡುವುದಿಲ್ಲ. ಸಿನಿಮಾ ನೋಡುವವರಿಗೆ, ಓದುವವರಿಗೆ ಆ ಇನ್ನೂರು ಡಾಲರ್ ಸಾರ್ಥಕ ಎಂದು ನನಗನ್ನಿಸುತ್ತದೆ. ಮನೆಮಕ್ಕಳ ಆಟಕ್ಕಾದರೆ ಬೇಕಿಲ್ಲ.

ಭಾರದ ವಿಷಯದಲ್ಲಂತೂ ದುಡ್ಡಿನ ಆಟ ನಡೆಯುವುದೇ ಇಲ್ಲ. 3ಎಸ್ ಸುಮಾರು 515 ಗ್ರಾಂ ಇದ್ದರೆ, 2024ರ ವಿಷನ್ ಪ್ರೊ 600ರಿಂದ 650 ಗ್ರಾಂ. ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ 353 ಗ್ರಾಂ ಬ್ಯಾಟರಿ ಬೇರೆ, ಅದೂ ಎರಡು ತಾಸಿನ ಆಸುಪಾಸಿಗೆ ಖಾಲಿ. ಹೆಚ್ಚು ಕೊಟ್ಟವರ ಕುತ್ತಿಗೆಯೇ ಹೆಚ್ಚು ನೋಯುವ ಸರಕು ಇದು.

ಇನ್ನು 299 ಡಾಲರ್ ಎಂಬ ಆ ಅಗ್ಗದ ಬೆಲೆಯನ್ನು ಸ್ವಲ್ಪ ನಿಂತು ನೋಡಬೇಕು. ಹೆಡ್‌ಸೆಟ್‌ಗಳನ್ನು ಮಾಡುವ ಮೆಟಾದ ರಿಯಾಲಿಟಿ ಲ್ಯಾಬ್ಸ್ ವಿಭಾಗ 2023ರಲ್ಲಿ 1,610 ಕೋಟಿ ಡಾಲರ್, 2024ರಲ್ಲಿ 1,770 ಕೋಟಿ ಡಾಲರ್ ನಷ್ಟ ತೋರಿಸಿತು. ಅದರಲ್ಲಿ ಸಂಶೋಧನೆಯ ಖರ್ಚೂ ಸೇರಿದೆ, ನಿಜ. ಆದರೂ ಇಷ್ಟು ಕಳೆದುಕೊಳ್ಳುತ್ತಿರುವ ವಿಭಾಗವೊಂದು ಬರೆಯುವ ಬೆಲೆಚೀಟಿಯಲ್ಲಿ ತಯಾರಿಕೆಯ ಖರ್ಚನ್ನು ಹುಡುಕಬಾರದು. ಅದು ಜನರನ್ನು ಒಳಗೆ ಕರೆದುಕೊಳ್ಳುವ ಬೆಲೆ. 2020ರ ಅಕ್ಟೋಬರ್‌ನಲ್ಲಿ ಕ್ವೆಸ್ಟ್ 2 ಇದೇ 299 ಡಾಲರಿಗೆ ಬಂದಾಗ ಅದನ್ನು ಬಳಸಲು ಫೇಸ್‌ಬುಕ್ ಖಾತೆ ಇರಲೇಬೇಕಿತ್ತು. 2022ರ ಆಗಸ್ಟ್‌ನಲ್ಲಿ ಆ ಕಡ್ಡಾಯ ಹೋಯಿತು, ಅದೇ ತಿಂಗಳು ಬೆಲೆ ನೂರು ಡಾಲರ್ ಏರಿತು. ಹಳತಾಗುತ್ತ ಅಗ್ಗವಾಗುವುದು ಎಲೆಕ್ಟ್ರಾನಿಕ್ ಸಾಮಾನಿನ ಸ್ವಭಾವ. ಇದು ಎರಡು ವರ್ಷ ತುಂಬುವ ಮೊದಲೇ ತುಟ್ಟಿಯಾಯಿತು. ಕಂಪನಿ ಎಷ್ಟು ಹೊರಲು ಸಿದ್ಧವಿದೆ ಎಂಬುದರ ಮೇಲೆ ನಿಂತ ಬೆಲೆ ಹೀಗೆ ಯಾವತ್ತು ಬೇಕಾದರೂ ಬದಲಾಗಬಹುದು.

ಹೆಡ್‌ಸೆಟ್ಟಿನ ಹಿಂದೆ ಇನ್ನೊಂದು ಯಂತ್ರ ಬೇಡುವವೂ ಇವೆ. ಸೋನಿಯ ಪಿಎಸ್‌ವಿಆರ್ 2 ಬಂದಾಗ 549 ಡಾಲರ್. ಅದು ಓಡಲು ಆಗ ಬೇಕಿದ್ದ ಪ್ಲೇಸ್ಟೇಷನ್ 5ಕ್ಕೇ 499 ಇತ್ತು. ಪ್ಲೇಸ್ಟೇಷನ್ ಇರುವ ಮನೆಗೆ ಅದು ಒಳ್ಳೆಯ ಕೊಳ್ಳುವಿಕೆ, 2025ರ ಮಾರ್ಚ್‌ನಲ್ಲಿ 399ಕ್ಕೆ ಇಳಿದ ಮೇಲಂತೂ ಹೌದು. ಇಲ್ಲದ ಮನೆಗೆ ಅಲ್ಲ.

ಇಷ್ಟೆಲ್ಲ ಕೂಡಿ ಕಳೆದ ಮೇಲೂ ಒಂದು ಲೆಕ್ಕ ಉಳಿಯುತ್ತದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಕನ್ನಡದಲ್ಲಿ ಒಳ್ಳೆಯ ವಸ್ತುವನ್ನು ‘ಬೆಲೆಬಾಳುವ’ ವಸ್ತು ಎನ್ನುತ್ತೇವೆ. ಬಾಳುವುದೆಂದರೆ ಬದುಕುವುದೂ ಹೌದು. ಪಾತ್ರೆ ಅಂಗಡಿಯಲ್ಲಾಗಲಿ ಪಂಪ್‌ಸೆಟ್ ಅಂಗಡಿಯಲ್ಲಾಗಲಿ ನಮ್ಮ ಹಿರಿಯರು ಬೆಲೆ ಕೇಳಿದ ಬೆನ್ನಿಗೇ ಕೇಳುತ್ತಿದ್ದುದು ‘ಎಷ್ಟು ದಿನ ಬಾಳಿಕೆ ಬರುತ್ತೆ?’ ಎಂದು. ಪಾತ್ರೆಯ ಬಾಳಿಕೆ ಅದರ ಲೋಹದಲ್ಲಿದೆ. ಹೆಡ್‌ಸೆಟ್ಟಿನ ಬಾಳಿಕೆ ಅದರ ಪ್ಲಾಸ್ಟಿಕ್ಕಿನಲ್ಲೂ ಇಲ್ಲ, ಗಾಜಿನಲ್ಲೂ ಇಲ್ಲ. ಎಲ್ಲೋ ದೂರದಲ್ಲಿ ಕಂಪನಿ ತೆಗೆದುಕೊಳ್ಳುವ ತೀರ್ಮಾನದಲ್ಲಿದೆ.

2020ರ ಕೊನೆಗೆ 599 ಡಾಲರಿಗೆ ಬಂದ ಎಚ್‌ಪಿ ರಿವರ್ಬ್ ಜಿ2ವನ್ನು ನೋಡಿ. ವಿಮಾನ ಹಾರಿಸುವ, ಕಾರು ಓಡಿಸುವ ಆಟಗಳವರು ಅದರ ಚಿತ್ರದ ಸ್ಪಷ್ಟತೆಗೆ ಮನಸೋತು ಕೊಂಡಿದ್ದರು. ಅದು ನಡೆಯುತ್ತಿದ್ದುದು ಮೈಕ್ರೋಸಾಫ್ಟ್‌ನ ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ ಎಂಬ ತಂತ್ರಾಂಶದ ಮೇಲೆ. 2024ರಲ್ಲಿ ಬಂದ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಆ ತಂತ್ರಾಂಶವನ್ನೇ ತೆಗೆದುಹಾಕಿದರು. ಕಂಪ್ಯೂಟರ್ ಅಪ್‌ಡೇಟ್ ಮಾಡಿಕೊಂಡವರ ಹೆಡ್‌ಸೆಟ್ ಅಂದೇ ನಿಂತಿತು. ಒಂದು ಗೀರು ಬಿದ್ದಿರಲಿಲ್ಲ, ಒಂದು ತಂತಿ ಸುಟ್ಟಿರಲಿಲ್ಲ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ನೂರೈವತ್ತು ಡಾಲರ್ ಬಾಡಿಗೆ ಕೊಟ್ಟಂತಾಯಿತು. ಬಾಡಿಗೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಪಿಎಸ್‌ವಿಆರ್ 2 ಕೊಂಡವರಿಗೂ ಇಂಥದೇ ಪೆಟ್ಟು ಬಿದ್ದಿದೆ: ಹಳೆಯ ಪಿಎಸ್‌ವಿಆರ್‌ಗೆಂದು ಕೊಂಡ ಆಟಗಳು ಅದರಲ್ಲಿ ನೇರವಾಗಿ ಓಡುವುದಿಲ್ಲ.

ಆದ್ದರಿಂದ ಅಮೆರಿಕದಿಂದ ಬರುವ ಅಣ್ಣನ ಮಗನ ಹತ್ತಿರ ಹೆಡ್‌ಸೆಟ್ ತರಿಸಬೇಕೆಂದಿರುವವರಿಗೆ ನಾನು ಹೇಳುವುದಿಷ್ಟು. ಅವನಿಗೆ ಬೆಲೆ ಕೇಳುವ ಮೊದಲು, ಈ ಮಾದರಿಗೆ ಯಾವ ವರ್ಷದವರೆಗೆ ಅಪ್‌ಡೇಟ್ ಕೊಡುತ್ತೇವೆಂದು ಕಂಪನಿ ಬರೆದುಕೊಟ್ಟಿದೆಯೇ ನೋಡಲು ಹೇಳಿ. 2019ರ ಮೊದಲ ಕ್ವೆಸ್ಟ್‌ಗೆ ಭದ್ರತೆಯ ಅಪ್‌ಡೇಟ್‌ಗಳು 2024ರಲ್ಲಿ ಮುಗಿದವು. ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಜಾರಿಯಲ್ಲಿದೆ. ಮುಖಕ್ಕೆ ಕಟ್ಟಿಕೊಳ್ಳುವ ಈ ಯಂತ್ರಗಳಿಗೂ ಅಂಥದೊಂದು ನಿಯಮ ಬೇಕು, ನಮ್ಮ ದೇಶದಲ್ಲೂ ಬೇಕು.

ಮನಸ್ಸಿದ್ದರೆ ಕಂಪನಿಗಳಿಗೆ ಇದೇನೂ ಆಗದ ಕೆಲಸವಲ್ಲ. ಆಕ್ಯುಲಸ್ ಗೋ ಎಂಬ ಪುಟ್ಟ ಹೆಡ್‌ಸೆಟ್ 2018ರಲ್ಲಿ 199 ಡಾಲರಿಗೆ ಬಂತು, 2020ರಲ್ಲಿ ಅದರ ಮಾರಾಟ ನಿಂತಿತು. ಆಕ್ಯುಲಸ್ ಕಂಪನಿಯ ಮುಖ್ಯ ತಂತ್ರಜ್ಞರಾಗಿದ್ದ ಜಾನ್ ಕಾರ್ಮ್ಯಾಕ್ ಒಳಗಿನಿಂದಲೇ ಒತ್ತಾಯಿಸುತ್ತ ಬಂದು, 2021ರಲ್ಲಿ ಅದರ ಬೀಗ ತೆಗೆದ ತಂತ್ರಾಂಶವನ್ನು ಎಲ್ಲರಿಗೂ ಸಿಗುವಂತೆ ಮಾಡಿಸಿದರು. ಕಂಪನಿಯ ಸರ್ವರ್‌ಗಳು ಮುಚ್ಚಿದ ಮೇಲೂ, ಇಪ್ಪತ್ತು ವರ್ಷ ಕಳೆದು ಯಾರಿಗಾದರೂ ಡಬ್ಬಿ ಒಡೆಯದ ಗೋ ಒಂದು ಸಿಕ್ಕರೆ, ಅದು ನಡೆಯಬೇಕು ಎಂಬುದು ಅವರ ಆಸೆಯಾಗಿತ್ತು.