ಹುಟ್ಟಿನಿಂದಲೇ ದುಷ್ಟರುಂಟೆ?

ಕಳೆದ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ದಪ್ಪ ಪುಸ್ತಕವೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುರುನಿವಾಸಕ್ಕೆ ಬಂದರು. ಮುಖಪುಟದಲ್ಲಿ ಕೊಂಬುಳ್ಳ ಬೃಹತ್ ವಿಗ್ರಹ, ಅದರ ಕಣ್ಣಿನ ರತ್ನವನ್ನು ಕೀಳುತ್ತಿರುವ ಕಳ್ಳರು. "ಸ್ವಾಮಿ, ಮಗನ ಕೋಣೆಯಲ್ಲಿ ಸಿಕ್ಕಿತು. ಸುಡಬೇಕೋ, ತೀರ್ಥ ಚಿಮುಕಿಸಿದರೆ ಸಾಕೋ?" ಎಂದು ಕೇಳಿದರು. ಓದಿ ನೋಡಿ ಹೇಳುತ್ತೇವೆಂದು ಪುಸ್ತಕವನ್ನು ಇರಿಸಿಕೊಂಡೆವು. ನಾಲ್ಕು ರಾತ್ರಿ ಓದಿದೆವು. ಗುರುಮಠದಲ್ಲಿ ತತ್ವಶಾಸ್ತ್ರ ಕಲಿತ ದಿನಗಳು ಇಷ್ಟು ಅನಿರೀಕ್ಷಿತವಾಗಿ ಮರಳಿ ಬಂದಾವೆಂದು ನಾವು ಎಣಿಸಿರಲಿಲ್ಲ.

ಅದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ 1978ರ ನಿಯಮಗ್ರಂಥ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ಈ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ನಾಲ್ಕಾರು ಜನ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. 'ಡಂಜನ್ ಮಾಸ್ಟರ್' ಎನಿಸಿಕೊಂಡವನು ಕಥೆಯ ಲೋಕವನ್ನು ವರ್ಣಿಸುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಇಪ್ಪತ್ತು ಮುಖಗಳ ದಾಳವು ಫಲವನ್ನು ನಿರ್ಣಯಿಸುತ್ತದೆ. ಪ್ರತಿ ಪಾತ್ರಕ್ಕೂ ಒಂದು ನೈತಿಕ ನಿಲುವನ್ನು ಬರೆದಿಡಬೇಕು. ಮೊದಲು ಕಟ್ಟಳೆ, ತಾಟಸ್ಥ್ಯ, ಸ್ವೈರ ಎಂಬ ಮೂರೇ ಇದ್ದವು. ಅನಂತರ ಒಳಿತು-ಕೆಡುಕುಗಳೂ ಸೇರಿ ಒಂಬತ್ತಾದವು.

1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತ ಕುಟುಂಬಗಳು ಇದನ್ನು ಸೈತಾನನ ಆರಾಧನೆಯೆಂದು ಬಗೆದವು. ಒತ್ತಡಕ್ಕೆ ಮಣಿದ ಪ್ರಕಾಶಕರು 1989ರ ಆವೃತ್ತಿಯಲ್ಲಿ ಪಿಶಾಚಿಗಳಿಗೆ ವಿಚಿತ್ರ ಹೆಸರುಗಳನ್ನಿಟ್ಟರು. 2000ದ ಆವೃತ್ತಿಯಲ್ಲಿ ಹಳೆಯ ಹೆಸರುಗಳೇ ಮರಳಿದವು. ಹೆಸರು ಬದಲಿಸಿದ ಮಾತ್ರಕ್ಕೆ ಯಾವ ಆತ್ಮ ಉಳಿಯಿತೋ ತಿಳಿಯದು. ಶುಭಸಂದೇಶದ ಪುಟಗಳಲ್ಲಿಯೂ ಪಿಶಾಚಿಗಳಿವೆಯೆಂಬುದನ್ನು ನಾವು ಮರೆಯಬಾರದು. ಆ ತಾಯಂದಿರ ಕಳವಳವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರು ಹುಡುಕಿದ ಜಾಗ ಮಾತ್ರ ಸರಿಯಿರಲಿಲ್ಲ.

ಆಟವೆಂಬುದೇ ಪಾಪವಲ್ಲ. ಶಿಷ್ಯರೊಡನೆ ಆಡುತ್ತಿದ್ದ ಸಂತ ಯೊವಾನ್ನರನ್ನು ಕಂಡು ಬೇಸರಗೊಂಡವರಿಗೆ, ಸದಾ ಬಾಗಿಸಿಟ್ಟ ಬಿಲ್ಲು ಮುರಿಯುತ್ತದೆಂದು ಅವರು ತೋರಿಸಿಕೊಟ್ಟ ಕಥೆಯನ್ನು ಸಂತ ತೋಮಾಸ ಅಕ್ವಿನಾಸರು ಉಲ್ಲೇಖಿಸಿ, ಹಿತಮಿತವಾದ ವಿನೋದವನ್ನು ಸದ್ಗುಣಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ದುಷ್ಟಪಾತ್ರ ವಹಿಸುವುದೂ ತನ್ನಷ್ಟಕ್ಕೆ ಪಾಪವಲ್ಲ. ಶುಭಶುಕ್ರವಾರದ ರೂಪಕದಲ್ಲಿ ಯೂದನಾಗಿ ನಿಂತವನಿಗೆ ನಾವು ಪ್ರಾಯಶ್ಚಿತ್ತ ವಿಧಿಸುತ್ತೇವೆಯೇ? ಆದರೆ ಯೂದನ ಪಾತ್ರಧಾರಿಯ ಮಾತುಗಳನ್ನು ಬೇರೊಬ್ಬರು ಬರೆದಿರುತ್ತಾರೆ. ಇಲ್ಲಿ ಆಟಗಾರನೇ ಕ್ಷಣಕ್ಷಣಕ್ಕೂ ಆಯ್ದುಕೊಳ್ಳಬೇಕು. ಕೆಡುಕನ್ನು ಕುರಿತು ಯೋಚಿಸುವುದರಲ್ಲಿ ಹುಟ್ಟುವ ಸಂತೋಷ ಬೇರೆ, ಯೋಚಿಸಿದ ಕೆಡುಕಿನಲ್ಲಿಯೇ ಹುಟ್ಟುವ ಸಂತೋಷ ಬೇರೆ ಎಂದು ಅಕ್ವಿನಾಸರು ಗೆರೆಯೆಳೆದಿದ್ದಾರೆ. ತಂತ್ರ ಹೂಡಿ ಕೋಟೆ ಗೆದ್ದ ಹುಡುಗ ನಗುವುದಕ್ಕೂ, ಸೆರೆಯಾಳಿನ ಯಾತನೆಯನ್ನು ವರ್ಣಿಸುತ್ತಾ ಸುಖಿಸುವುದಕ್ಕೂ ಇರುವ ಅಂತರ ಅದೇ. ಪಕ್ಕದ ಕೋಣೆಯಲ್ಲಿ ಕುಳಿತ ತಂದೆತಾಯಿಗಳಿಗೆ ಆ ನಗುವಿನ ಬಗೆ ಸಾಮಾನ್ಯವಾಗಿ ತಿಳಿದೇ ತಿಳಿಯುತ್ತದೆ.

ಐದನೆಯ ದಿನ ಆ ಮಗನೇ ಬಂದನು. ಪುಸ್ತಕ ಕೇಳಲು ಬಂದವನು ಕಾಫಿ ಕುಡಿಯುತ್ತಾ ಬೇರೊಂದನ್ನು ಹೇಳಿಕೊಂಡನು. (ಅವನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇವೆ, ಅದು ಪಾಪನಿವೇದನೆಯಾಗಿರಲಿಲ್ಲ.) ಅವರು ಆಡುತ್ತಿದ್ದುದು 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಎಂಬ ಗೈಗ್ಯಾಕ್ಸ್‌ರ 1979ರ ಸಾಹಸಕಥೆ. ಅದರ ಗುಹೆಗಳಲ್ಲಿ ಗಾಬ್ಲಿನ್ ಮೊದಲಾದ ಕ್ಷುದ್ರಜೀವಿಗಳ ಹೋರಾಟಗಾರರು ಮಾತ್ರವಲ್ಲ, ಕಾದಾಡದ ಹೆಂಗಸರು-ಮಕ್ಕಳೂ ಇದ್ದಾರೆ. 1977ರ ರಾಕ್ಷಸಕೋಶವು ಗಾಬ್ಲಿನ್ ಕುಲದ ಮುಂದೆ 'ದುಷ್ಟ' ಎಂದು ಮುದ್ರಿಸಿಯೇ ಬಿಟ್ಟಿದೆ. "ಬಿಟ್ಟರೆ ಬೆಳೆದು ಹಳ್ಳಿ ಸುಡುತ್ತವೆ ಅಂದರು ಗೆಳೆಯರು. ಮರಿಗಳನ್ನೂ ಕೊಂದರು. ನನ್ನದು ಪ್ಯಾಲಡಿನ್ ಪಾತ್ರ, ಧರ್ಮವೀರ. ನಾನು ಸುಮ್ಮನಿದ್ದೆ ಸ್ವಾಮಿ."

ಕಾಗದದ ಮಕ್ಕಳು, ನಿಜ. ಆದರೂ ಅವನಿಗೆ ನಿದ್ರೆ ಬಂದಿರಲಿಲ್ಲ. ನಮಗೆ ಸಂತೋಷವಾಯಿತೆಂದರೆ ಓದುಗರು ತಪ್ಪು ತಿಳಿಯಬಾರದು.

ಯೌವನದಲ್ಲಿ ಸಂತ ಅಗಸ್ಟೀನರು ಒಂಬತ್ತು ವರ್ಷ ಮಾನಿಯ ಪಂಥದಲ್ಲಿದ್ದರು. ಕೆಡುಕೆಂಬುದು ಒಂದು ಸ್ವತಂತ್ರ ದ್ರವ್ಯ, ಬೆಳಕಿಗೆ ಎದುರಾದ ಇನ್ನೊಂದು ರಾಜ್ಯ ಎಂಬುದು ಆ ಪಂಥದ ಬೋಧೆ. ಅದನ್ನು ತೊರೆದ ಅಗಸ್ಟೀನರು, ಇರುವುದೆಲ್ಲವೂ ಇರುವಷ್ಟರ ಮಟ್ಟಿಗೆ ಒಳ್ಳೆಯದೇ, ಕೆಡುಕು ಒಳಿತಿನ ಕೊರತೆ ಎಂದು ಕಂಡುಕೊಂಡರು. ಹಾಗಿರುವಾಗ ಹುಟ್ಟಿನಿಂದಲೇ ದುಷ್ಟವಾದ ಕುಲವೆಂಬ ಮಾತು ಹಳೆಯ ಮಾನಿಯ ತಪ್ಪಿಗೆ ತೊಡಿಸಿದ ಹೊಸ ಅಂಗಿ. ಈ ಆಟದ ಓರ್ಕ್‌ಗಳು ಬಂದದ್ದು ಟೋಲ್ಕಿನ್‌ರ ಕಥೆಗಳಿಂದ. ನಿಷ್ಠಾವಂತ ಕಥೋಲಿಕರಾಗಿದ್ದ ಟೋಲ್ಕಿನ್‌ರಿಗೆ ಆ ಓರ್ಕ್‌ಗಳೇ ಕಡೆಯವರೆಗೂ ತಲೆನೋವಾದವು: ಕೆಡುಕಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಕೆಡಿಸುವ ಶಕ್ತಿ ಮಾತ್ರ ಎಂದು ನಂಬಿದವರು ಅವುಗಳ ಮೂಲವನ್ನು ತಿದ್ದಿ ತಿದ್ದಿ ಬರೆದರು, ತೃಪ್ತರಾಗಲಿಲ್ಲ. ಆಟದ ಈಗಿನ ಪ್ರಕಾಶಕರು 2020ರಲ್ಲಿ, ಇನ್ನು ಮುಂದೆ ಓರ್ಕ್‌ಗಳನ್ನು ಇತರ ಜನಾಂಗಗಳಂತೆಯೇ ನೈತಿಕ ಸಂಕೀರ್ಣತೆಯುಳ್ಳವರನ್ನಾಗಿ ಚಿತ್ರಿಸುವೆವೆಂದು ಘೋಷಿಸಿದರು. ಅವರ ಕಾರಣಗಳು ಬೇರೆಯಿದ್ದಾವು. ನಮಗೆ ಅಗಸ್ಟೀನರ ನೆನಪಾಯಿತು.

ಹುಡುಗನ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಮೌನವೂ ಸಮ್ಮತಿಯೇ ಎಂದು ಮಾಸ್ಟರ್ ತೀರ್ಪಿತ್ತು ಅವನ ಧರ್ಮವೀರ ಪದವಿಯನ್ನು ಕಿತ್ತುಕೊಂಡಿದ್ದನು. ಆ ತೀರ್ಪಿನಲ್ಲಿ ದೋಷವಿಲ್ಲ. ಮಾಡದೆ ಬಿಟ್ಟ ಕರ್ತವ್ಯವೂ ಪಾಪವೆಂದು ನಾವು ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಒಪ್ಪಿಕೊಳ್ಳುವವರಲ್ಲವೇ? ನಮ್ಮನ್ನು ತಡೆದು ನಿಲ್ಲಿಸಿದ್ದು ನಿಯಮದ ಮುಂದಿನ ಭಾಗ. 1978ರ ಗ್ರಂಥದ ಪ್ರಕಾರ, ಪ್ಯಾಲಡಿನ್ ಕಟ್ಟಳೆ ಮೀರಿದರೆ ಹಿರಿಯ ಗುರುವಿನ ಬಳಿ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಬಹುದು. ತಿಳಿದೂ ತಿಳಿದೂ ದುಷ್ಕೃತ್ಯ ಮಾಡಿದರೆ ಮಾತ್ರ ಪದವಿ ಶಾಶ್ವತವಾಗಿ ಹೋಯಿತು, ಮರಳುವ ದಾರಿಯಿಲ್ಲ. "ಹಾಗಾದರೆ ಅವನಿಗೆ ಮುಗಿದೇ ಹೋಯಿತಾ ಸ್ವಾಮಿ?" ಎಂದನು. ಅವನು ಕೇಳಿದ್ದು ಆಟದ ಬಗ್ಗೆ ಮಾತ್ರವೇ ಎಂದು ನಾವು ವಿಚಾರಿಸಲಿಲ್ಲ.

ಮೂರನೆಯ ಶತಮಾನದ ರೋಮಿನಲ್ಲಿ ನೊವಾತಿಯಾನನೂ ಇಂಥದೇ ನಿಯಮವನ್ನು ಸಾರಿದ್ದನು: ಹಿಂಸೆಗೆ ಹೆದರಿ ವಿಶ್ವಾಸ ತೊರೆದವರನ್ನು ಧರ್ಮಸಭೆ ಮರಳಿ ಸೇರಿಸಿಕೊಳ್ಳಲಾಗದು. ಧರ್ಮಸಭೆ ಅವನ ಮಾತನ್ನು ತಳ್ಳಿಹಾಕಿತು. ಆ ನಿಯಮವೇ ನಿಂತಿದ್ದರೆ, ಕೋಳಿ ಕೂಗುವ ಮುನ್ನ ಮೂರು ಬಾರಿ ಅಲ್ಲಗಳೆದ ಪೇತ್ರರ ಗತಿ ಏನಾಗುತ್ತಿತ್ತು? 2014ರ ಆವೃತ್ತಿಯಲ್ಲಿ ವ್ರತಭ್ರಷ್ಟ ಪ್ಯಾಲಡಿನ್ ರಾತ್ರಿಯಿಡೀ ಜಾಗರಣೆ ಮಾಡಿ ಕ್ಷಮೆ ಪಡೆಯುವ ಅವಕಾಶವಿದೆಯೆಂದು ಹುಡುಗನಿಂದಲೇ ತಿಳಿಯಿತು. ಆದರೆ ಇವರ ಗುಂಪು ಹಳೆಯ ಪುಸ್ತಕಕ್ಕೇ ಅಂಟಿಕೊಂಡಿದೆ, ಹಳೆಯದೇ ಶುದ್ಧವಂತೆ. ಇಂಥ ವಾದವನ್ನು ನಾವು ಬೇರೆ ಸಂದರ್ಭಗಳಲ್ಲಿಯೂ ಕೇಳಿದ್ದೇವೆ.

ತಾಟಸ್ಥ್ಯವೆಂಬ ನಿಲುವಿನ ಬಗ್ಗೆ ಒಂದೇ ಮಾತು. ಒಳಿತು-ಕೆಡುಕುಗಳ ತಕ್ಕಡಿ ಸಮನಾಗಿರಲೆಂದು ಗೆಲ್ಲುವವರ ಪಕ್ಷ ತೊರೆದು ಸೋಲುವವರ ಪಕ್ಷ ಸೇರುವವನನ್ನು ಆಟ ವಿವೇಕಿಯೆಂದೇ ಚಿತ್ರಿಸುತ್ತದೆ. ಕೊರತೆಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ?

ತಾಯಿಗೆ ಪುಸ್ತಕವನ್ನು ಸುಡಬೇಡಿರೆಂದು ತಿಳಿಸಿದ್ದೇವೆ. ತೀರ್ಥ ಬೇಕಿದ್ದರೆ ಇಡೀ ಮನೆಗೇ ಚಿಮುಕಿಸೋಣವೆಂದೆವು. ಗೆಳೆಯರೊಡನೆ ಒಂದು ವಾರ ವಾದಿಸಿದ ಹುಡುಗ, ಪದಚ್ಯುತ ವೀರನು ಗುರುವೊಬ್ಬನನ್ನು ಹುಡುಕಿ ಹೊರಡುವ ಅಧ್ಯಾಯಕ್ಕೆ ಮಾಸ್ಟರನನ್ನು ಒಪ್ಪಿಸಿದ್ದಾನೆ. ಆ ಗುರುವಿನ ಪಾತ್ರಕ್ಕೆ ನಮ್ಮನ್ನೇ ಕರೆದಿದ್ದಾರೆ. ಶನಿವಾರ ರಾತ್ರಿ ಹತ್ತಕ್ಕೆ ಮುಗಿಸಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದೇವೆ. ಮರುದಿನ ಆರೂವರೆಗೆ ಪೂಜೆಯಿದೆ.