ಆತ್ಮಕಥೆಯೂ ಪರರ ಗುಟ್ಟೂ

ತನ್ನ ಜೀವನವೃತ್ತಾಂತವನ್ನು ತಾನೇ ಬರೆದಿಡಬೇಕೆಂಬ ಅಭಿಲಾಷೆ ನಮ್ಮ ನಾಡಿನಲ್ಲಿ ಈಗ ಸಾಹಿತಿಗಳಿಗೂ ದೇಶಸೇವಕರಿಗೂ ಮಾತ್ರ ಮೀಸಲಾಗಿ ಉಳಿದಿಲ್ಲ. ನಿವೃತ್ತರಾದ ಅಧಿಕಾರಿಗಳು, ಉಪಾಧ್ಯಾಯರು, ವೈದ್ಯರು, ವಕೀಲರು, ಗೃಹಿಣಿಯರು ಲೇಖನಿ ಹಿಡಿದಿದ್ದಾರೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ದೇಶದ ಚರಿತ್ರೆ ಸರ್ಕಾರದ ದಫ್ತರಗಳಲ್ಲಿ ಎಷ್ಟಿದೆಯೋ ಜನರ ನೆನಪಿನಲ್ಲಿಯೂ ಅಷ್ಟೇ ಇದೆ. ಆದರೆ ಬರೆಯುವವನ ಬಾಳು ಅವನೊಬ್ಬನದೇ ಅಲ್ಲ. ಅದರಲ್ಲಿ ತಾಯಿತಂದೆಗಳಿದ್ದಾರೆ, ಹೆಂಡತಿ ಮಕ್ಕಳಿದ್ದಾರೆ, ಆಪ್ತಮಿತ್ರರಿದ್ದಾರೆ. ಮುಂದೊಂದು ದಿನ ಪುಸ್ತಕದ ಪಾತ್ರಗಳಾಗುವೆವೆಂದು ತಿಳಿದು ಅವರಾರೂ ಅವನೊಡನೆ ಬಾಳಿದವರಲ್ಲ. ಅವರ ಗುಟ್ಟನ್ನು ಲೋಕದ ಮುಂದಿಡುವ ಅಧಿಕಾರ ಇವನಿಗೆ ಎಲ್ಲಿಂದ ಬಂದಿತು?

"ಸತ್ಯವನ್ನು ಬರೆಯುವವನಿಗೆ ಸಂಕೋಚವೇಕೆ?" ಎಂದು ಕೇಳುವವರುಂಟು. ಸತ್ಯವನ್ನೇ ದೇವರೆಂದು ನಂಬಿದ್ದ ಮಹಾತ್ಮರ ನಡತೆಯನ್ನು ಅವರು ನೋಡಬಹುದು. ಗಾಂಧೀಜಿಯವರ ಆತ್ಮಕಥೆ 1925ರಿಂದ 1929ರವರೆಗೆ 'ನವಜೀವನ' ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಡರ್ಬನ್ನಿನ ಮನೆಯಲ್ಲಿ ಕಸ್ತೂರ್ಬಾ ಅವರನ್ನು ಕೈಹಿಡಿದು ಬಾಗಿಲಿನವರೆಗೆ ಎಳೆದೊಯ್ದ ಪ್ರಸಂಗವನ್ನು ಅವರು ಅಡಗಿಸಲಿಲ್ಲ. ಆದರೆ ಅಲ್ಲಿ ತಲೆ ತಗ್ಗಿಸಿದವರು ಬರೆದವರೇ ಹೊರತು ಕಸ್ತೂರ್ಬಾ ಅಲ್ಲ. ಬಾಲ್ಯದಲ್ಲಿ ತಮ್ಮನ್ನು ಮಾಂಸಾಹಾರಕ್ಕೆ ಎಳೆದ ಸ್ನೇಹಿತನ ವಿಷಯವನ್ನು ವಿಸ್ತಾರವಾಗಿ ಬರೆದರೂ ಅವನ ಹೆಸರನ್ನು ಹೇಳಲಿಲ್ಲ. 1921ರಿಂದೀಚೆಗೆ ಕಾಂಗ್ರೆಸ್ ನಾಯಕರೊಡನೆ ತಮಗಿದ್ದ ಸಂಬಂಧವನ್ನು ಪ್ರಸ್ತಾಪಿಸದೆ ಯಾವ ಪ್ರಸಂಗವನ್ನೂ ಬರೆಯುವಂತಿಲ್ಲವೆಂದು ಕಂಡಾಗ ಕಥನವನ್ನೇ ನಿಲ್ಲಿಸಿದರು. ತನ್ನ ಅವಮಾನವನ್ನು ತಾನು ಹೊತ್ತುಕೊಳ್ಳುವುದು ಸತ್ಯನಿಷ್ಠೆ. ಪರರ ಅವಮಾನವನ್ನು ಸಂತೆಗೆ ಹೊತ್ತು ತರುವುದಕ್ಕೆ ಆ ಹೆಸರು ಸಲ್ಲದು.

ಮೌಲಾನಾ ಆಜಾದರು ಇನ್ನೊಂದು ಹಾದಿಯನ್ನು ತೋರಿದರು. ಸ್ವಾತಂತ್ರ್ಯಸಂಗ್ರಾಮವನ್ನು ಕುರಿತ ಅವರ ಗ್ರಂಥ 1959ರಲ್ಲಿ ಹೊರಬಂದಾಗ ಸುಮಾರು 30 ಪುಟಗಳು ಅದರಲ್ಲಿರಲಿಲ್ಲ. ಮೊಹರು ಹಾಕಿದ ಆ ಪುಟಗಳನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲಿಯೂ ದೆಹಲಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿಯೂ ಇಡಲಾಗಿತ್ತು. 1958ರಲ್ಲಿ ಮೌಲಾನಾ ಕಾಲವಾಗಿ 30 ವರ್ಷಗಳು ಕಳೆದ ಮೇಲೆ, 1988ರಲ್ಲಿ, ಅವು ಬೆಳಕು ಕಂಡವು. ಚರಿತ್ರೆಗೆ ಸಲ್ಲತಕ್ಕದ್ದು ತಡವಾಗಿಯಾದರೂ ಸಂದಿತು.

ನ್ಯಾಯಶಾಸ್ತ್ರವೂ ಈ ವಿವೇಕಕ್ಕೆ ವಿರೋಧವಾಗಿಲ್ಲ. ತಮಿಳುನಾಡಿನ ಮರಣದಂಡಿತ ಕೈದಿಯೊಬ್ಬನ ಆತ್ಮಕಥೆಯ ಪ್ರಕಟಣೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ತೀರ್ಪಿತ್ತು, ಒಬ್ಬನ ಸಂಸಾರ, ವಿವಾಹ, ಸಂತಾನ ಮೊದಲಾದ ವಿಷಯಗಳನ್ನು ಅವನ ಸಮ್ಮತಿಯಿಲ್ಲದೆ ಪ್ರಕಟಿಸಕೂಡದು, ಬರೆದದ್ದು ನಿಜವಾಗಿದ್ದರೂ ಕೂಡದು, ಎಂದಿತು. ಸಾರ್ವಜನಿಕ ದಾಖಲೆಗಳಲ್ಲಿ ಸೇರಿದ ಸಂಗತಿಗೂ ಅಧಿಕಾರಿಗಳ ಅಧಿಕಾರನಿರ್ವಹಣೆಗೂ ಈ ರಕ್ಷಣೆ ಸಾಮಾನ್ಯವಾಗಿ ಇಲ್ಲವೆಂದೂ ಹೇಳಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಆದರೆ ಮನೆಯ ಮಾನವೆಂಬ ಹೆಸರಿನಲ್ಲಿ ಅನ್ಯಾಯಕ್ಕೆ ತೆರೆ ಎಳೆಯುವವರಿಗೆ ಈ ವಾದ ಆಸರೆಯಾಗಕೂಡದು. ಪೆಟ್ಟು ತಿಂದವನು ಪೆಟ್ಟಿನ ಕಥೆಯನ್ನು ಹೇಳಲು ಹೊಡೆದವನ ಅಪ್ಪಣೆ ಬೇಕೆಂದರೆ ಅದು ನ್ಯಾಯವೆನಿಸೀತೇ? ಹಾಗೆ ಬಾಯಿ ಕಟ್ಟಿದ್ದರೆ ಮರಾಠಿಯಲ್ಲಿ ದಯಾ ಪವಾರರ 'ಬಲುತ' 1978ರಲ್ಲಿ ಹೊರಬರುತ್ತಿರಲಿಲ್ಲ. ಕನ್ನಡದಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ'ಯೂ ಬರುತ್ತಿರಲಿಲ್ಲ. ಗಂಡನ ಮನೆಯಲ್ಲಿ ನೊಂದ ಹೆಣ್ಣುಮಗಳ ನೋವು ಅವಳ ಸ್ವಂತ ಸೊತ್ತು. ಅದನ್ನು ಹೇಳಬೇಕೇ ಬೇಡವೇ ಎಂಬುದನ್ನು ಅವಳೇ ನಿರ್ಧರಿಸತಕ್ಕದ್ದು. ಆದ್ದರಿಂದ ವಿವೇಚಿಸಬೇಕಾದುದು ಇಷ್ಟು: ಈ ಸಂಗತಿ ನನಗೆ ಆದ ಅನ್ಯಾಯವೇ, ಅಥವಾ ನನ್ನನ್ನು ನಂಬಿ ನನ್ನ ಕೈಯಲ್ಲಿ ಇಟ್ಟ ನ್ಯಾಸವೇ? ಮೊದಲನೆಯದನ್ನು ಹೇಳುವ ಹಕ್ಕು ಉಂಟು. ಎರಡನೆಯದು ಇಟ್ಟವರಿಗೆ ಸೇರಿದ್ದು.

ಗೆಳೆಯನ ಸಾಲ, ತಂಗಿಯ ಮುರಿದುಹೋದ ಸಂಬಂಧ, ತಮ್ಮನ ಮನೋವ್ಯಾಧಿ ಇವು ಎರಡನೆಯ ಬಗೆಗೆ ಸೇರುತ್ತವೆ. ಇವಿಲ್ಲದೆ ಕಥೆ ಸಾಗದೆಂದು ತೋರಿದರೆ ಹಸ್ತಪ್ರತಿಯನ್ನು ಅಚ್ಚಿಗೆ ಕಳುಹಿಸುವ ಮೊದಲು ಸಂಬಂಧಪಟ್ಟವರಿಗೆ ಓದಿ ಹೇಳಿ ಅವರ ಒಪ್ಪಿಗೆಯನ್ನು ಪಡೆಯಲಿ. ಅವರು ಬೇಡವೆಂದರೆ ಬಿಡಲಿ. ಬಿಟ್ಟ ಜಾಗದಲ್ಲಿ ಸುಳ್ಳನ್ನು ಮಾತ್ರ ತುಂಬದಿರಲಿ. ಮೌನಕ್ಕೂ ಅಸತ್ಯಕ್ಕೂ ಬಹಳ ಅಂತರವುಂಟು. ಕಾಲವಾದವರ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅವರು ಉತ್ತರ ಕೊಡಲಾರರು. ನಿವೃತ್ತ ಅಧಿಕಾರಿಯಾದರೋ ಕಚೇರಿಯಲ್ಲಿ ಕಂಡ ಲಂಚವನ್ನೂ ಪಕ್ಷಪಾತವನ್ನೂ ಧೈರ್ಯವಾಗಿ ಬರೆಯಲಿ, ಸಹೋದ್ಯೋಗಿಯ ಅಡುಗೆಮನೆಯ ಜಗಳವನ್ನು ಬಿಡಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಆಡಿದ ಮಾತಾದರೂ ಕ್ರಮೇಣ ಮರೆತುಹೋದೀತು. ಅಚ್ಚಾದ ಮಾತು ಮೊಮ್ಮಕ್ಕಳ ಕಾಲಕ್ಕೂ ಉಳಿದಿರುತ್ತದೆ. ಆ ಮೊಮ್ಮಕ್ಕಳು ನಮ್ಮ ನಾಡಿನ ಆತ್ಮಕಥೆಗಳನ್ನು ಓದಿ, ಇವರು ತಮ್ಮ ವಿಷಯದಲ್ಲಿ ನಿಷ್ಠುರರಾಗಿಯೂ ತಮ್ಮವರ ವಿಷಯದಲ್ಲಿ ಸೌಜನ್ಯಶಾಲಿಗಳಾಗಿಯೂ ಇದ್ದರೆಂದು ಹೇಳುವಂತೆ ನಮ್ಮ ಲೇಖಕರು ಬರೆಯಲೆಂದು ಹಾರೈಸುತ್ತೇವೆ.