ಬರಡು ಮರಳಿನ ಒಕ್ಕಲು

ಕಡಲ ತಡಿಯ ಮರಳಿಗೆ ‘ಬರಡು’ ಎಂಬ ಬಿರುದನ್ನು ನಾವು ಬಹಳ ಹಗುರವಾಗಿ ಕೊಟ್ಟುಬಿಟ್ಟಿದ್ದೇವೆ. ನೆಲ ಬರಡಾದ ಮೇಲೆ ಅಲ್ಲಿ ಬೆಳೆಯುವ ಬಳ್ಳಿಯೂ ಹುಲ್ಲೂ ಕಳೆ. ಕಳೆಯನ್ನು ಕಿತ್ತರೆ ತೀರಕ್ಕೆ ಶೋಭೆ! ಈ ತರ್ಕ ನನಗೆ ಒಪ್ಪಿಗೆಯಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ಸಸ್ಯಶಾಸ್ತ್ರದ ಅಧ್ಯಾಪಕರು ನನ್ನ ಧಾರ್ಷ್ಟ್ಯವನ್ನು ಮನ್ನಿಸಬೇಕು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆದರೂ ತೆರೆ ಮುಟ್ಟುವ ಗೆರೆಯಿಂದ ಹತ್ತು ಮಾರು ಈಚೆಗಿರುವ ನೆಲ ಮರುಭೂಮಿಯೇ ಸರಿ. ಬಿದ್ದ ನೀರು ಮೇಲೆ ನಿಲ್ಲದೆ ಇಳಿದುಹೋಗುತ್ತದೆ. ಗಾಳಿ ಉಪ್ಪನ್ನು ತಂದು ಎರಚುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲಿನಲ್ಲಿ ಅಲ್ಲಿ ನಿಂತವರಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ.

ಇಂಥಲ್ಲಿ ಒಕ್ಕಲು ಹೂಡುವವರಲ್ಲಿ ಅಡುಂಬು ಬಳ್ಳಿ ಮೊದಲನೆಯದು. ಅದರ ದಪ್ಪನೆಯ ನುಣುಪು ಎಲೆ ತುದಿಯಲ್ಲಿ ಸೀಳಿ, ಆಡಿನ ಗೊರಸಿನಂತೆ ಕಾಣುತ್ತದೆ. ಶಾಸ್ತ್ರಜ್ಞರಿಟ್ಟ ಲ್ಯಾಟಿನ್ ಹೆಸರಿನ ಅರ್ಥವೂ ಆಡಿನ ಪಾದವೆಂದೇ. ಹೂವಿನ ಬಣ್ಣ ನೇರಳೆ ಬೆರೆತ ಗುಲಾಬಿ. ಬೀಜ ಸಮುದ್ರದಲ್ಲಿ ತೇಲಿ ಬಹುದೂರ ಹೋಗಿಯೂ ಮೊಳೆಯಬಲ್ಲುದು. ಆದುದರಿಂದಲೇ ಭೂಮಂಡಲದ ಉಷ್ಣವಲಯದ ತೀರಗಳಲ್ಲೆಲ್ಲ ಈ ಬಳ್ಳಿಯುಂಟು. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಬೃಹದ್ಗ್ರಂಥದಲ್ಲಿ ಇದಕ್ಕೂ ಸ್ಥಾನ ದೊರಕಿದೆ, ಅದೂ ಈ ನಾಡಿನ ಹೆಸರಿನಿಂದಲೇ. ಮೂರು ಶತಮಾನಗಳ ಹಿಂದೆ ಪರದೇಶದವನೊಬ್ಬ ಮನ್ನಿಸಿದ ಗಿಡವನ್ನು ನಾವು ಕಸದೊಡನೆ ಗುಡಿಸುತ್ತೇವೆ.

ಇನ್ನೊಂದು ‘ರಾವಣನ ಮೀಸೆ’ ಎಂಬ ಹುಲ್ಲು. ಎಲೆಯ ಮೊನೆ ಮುಟ್ಟಿದವರಿಗೆ ಹೆಸರಿನ ಔಚಿತ್ಯ ತಿಳಿದೀತು! ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣಿನ ಗುಂಡಾದ ಮುಳ್ಳುತೆನೆ ಒಣಗಿ ಕಳಚಿಕೊಂಡು, ಗಾಳಿ ಬೀಸಿದತ್ತ ಮರಳಿನ ಮೇಲೆ ಉರುಳುತ್ತ ಬೀಜ ಬಿತ್ತುತ್ತದೆ.

ಮರಳದಿಣ್ಣೆಯನ್ನು ಗಾಳಿ ಕಟ್ಟುತ್ತದೆಂಬುದು ಅರ್ಧ ಸತ್ಯ. ಗಾಳಿ ಮರಳನ್ನು ಹೊತ್ತು ತರುತ್ತದೆ. ಅದನ್ನು ಇಳಿಸಿಕೊಳ್ಳುವುದು ಗಿಡ. ಬಳ್ಳಿಗೆ ತಾಗಿದ ಗಾಳಿಯ ವೇಗ ಕುಗ್ಗಿ, ಮರಳು ಅಲ್ಲಿಯೇ ಬೀಳುತ್ತದೆ. ಬಳ್ಳಿ ಹೂತುಹೋದರೂ ಗಿಣ್ಣುಗಿಣ್ಣಿಗೆ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಅದು ಎದ್ದಷ್ಟೂ ದಿಣ್ಣೆ ಏರುತ್ತದೆ. ಮಳೆಯೇ ಅಪರೂಪವಾದ ತೀರಗಳಲ್ಲಿಯೂ ಇದೇ ನಡೆ. ಆಫ್ರಿಕದ ನಮೀಬಿಯಾ ದೇಶದ ಕರಾವಳಿ ಮರುಭೂಮಿಯಲ್ಲಿ ‘ನಾರಾ’ ಎಂಬ ಗಿಡವಿದೆ. ಅದಕ್ಕೆ ಎಲೆಯೇ ಇಲ್ಲ. ಹಸಿರು ಕಾಂಡವೂ ಮುಳ್ಳೂ ಎಲೆಯ ಕೆಲಸ ಮಾಡುತ್ತವೆ, ಬೇರು ಆಳದ ನೀರನ್ನು ಹುಡುಕಿಕೊಂಡು ಇಳಿಯುತ್ತದೆ. ಅದೂ ತನ್ನ ಸುತ್ತ ಮರಳನ್ನು ಹಿಡಿದು ಗುಡ್ಡೆ ಕಟ್ಟುತ್ತದೆ. ಅಲ್ಲಿಯ ಟೋಪ್‌ನಾರ್ ಜನ ಅದರ ಹಣ್ಣನ್ನು ಆಹಾರವಾಗಿ ಕೂಡಿಡುತ್ತಾರೆ. ಅವರು ಆ ಮರಳನ್ನು ಬರಡೆಂದಾರೆಯೇ?

ನಮ್ಮ ದಿಣ್ಣೆಯೂ ಒಂದು ಕಣಜ. ಜೂನ್ ಜುಲೈ ತಿಂಗಳ ಹೆದ್ದೆರೆಗಳು ಅದರ ಮರಳನ್ನು ಕೊರೆದು ಒಯ್ದು ತೀರದ ಸಮೀಪವೇ ನೀರಿನಡಿಯಲ್ಲಿ ಇಡುತ್ತವೆ. ಮಳೆಗಾಲ ಕಳೆದ ಮೇಲೆ ಸಣ್ಣ ತೆರೆಗಳು ಅದರ ಬಹುಪಾಲನ್ನು ತಿರುಗಿ ತರುತ್ತವೆ. ಬಳ್ಳಿ ಅದನ್ನು ಹಿಡಿದುಕೊಳ್ಳುತ್ತದೆ. ಬಳ್ಳಿಯಿಲ್ಲದಿದ್ದರೆ ಬಂದ ಮರಳು ಗಾಳಿಯ ಪಾಲು. ಆಗ ಕಲ್ಲಿನ ತಡೆಗೋಡೆ ಬೇಕಾಗುತ್ತದೆ. ಕಲ್ಲಿಗೆ ಬಡಿದ ತೆರೆ ಹಿಂದಿರುಗುವಾಗ ಬುಡದ ಮರಳನ್ನು ಸೆಳೆದೊಯ್ಯುತ್ತದೆ. ಗೋಡೆ ಮುಗಿದಲ್ಲಿ ಕೊರೆತ ಪಕ್ಕದವರ ಅಂಗಳಕ್ಕೆ ದಾಟುತ್ತದೆ. ಕಲ್ಲು ಕುಸಿದರೆ ಮತ್ತೆ ಕಲ್ಲು, ಮತ್ತೆ ಟೆಂಡರು. ಬಳ್ಳಿಗೆ ಟೆಂಡರಿಲ್ಲದಿರುವುದೇ ಅದರ ದೋಷವಿರಬಹುದು!

ಗಾಳಿಮರ ನೆಟ್ಟರೆ ಸಾಲದೆ ಎಂದು ಕೇಳುವವರುಂಟು. 1868ರ ಸುಮಾರಿಗೆ ಕಾರವಾರದ ಕಡೆ ಸೌದೆಗಾಗಿ ತಂದು ಬೆಳೆಸಿದ ಮರವದು. ಬಡವರ ಒಲೆಗೆ ಅದು ಮಾಡಿರುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಉದುರು ಕಡ್ಡಿಯ ದಪ್ಪ ಹಾಸಿನ ಕೆಳಗೆ ಬೇರೆ ಗಿಡ ಏಳುವುದು ಕಷ್ಟ. ಬುಡದ ಮರಳು ಕೊಚ್ಚಿಹೋದಲ್ಲಿ ಅದು ಬೇರುಸಹಿತ ಮಗುಚಿ ಬೀಳುತ್ತದೆ. ಬಳ್ಳಿಯ ಹಿಂದೆ ಅದಿರಲಿ, ಬಳ್ಳಿಯ ಜಾಗದಲ್ಲಿ ಬೇಡ.

ಕಾನೂನಿನ ಮಾತು ಬೇರೆಯೇ ಇದೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಸೌಂದರ್ಯೀಕರಣಕ್ಕಾಗಿ ಮರಳದಿಣ್ಣೆಯನ್ನು ತಟ್ಟುಮಾಡುವುದನ್ನು ನಿಷೇಧಿಸಿತ್ತು. 2019ರ ಅಧಿಸೂಚನೆಯೂ ದಿಣ್ಣೆಗಳನ್ನು ಅತಿ ಸೂಕ್ಷ್ಮ ಪ್ರದೇಶಗಳ ಸಾಲಿನಲ್ಲಿರಿಸಿದೆ. ಹಾಗಿದ್ದರೂ ಸಿಮೆಂಟಿನ ಬೆಂಚು, ಬಣ್ಣದ ದೀಪ, ನೀರು ಹಾಯಿಸಿ ಸಾಕಬೇಕಾದ ಹುಲ್ಲುಹಾಸು, ಇವೇ ನಮಗೆ ಸೌಂದರ್ಯ. ದಿಣ್ಣೆಯ ಬೆನ್ನಿಗೆ ಮನೆ ಕಟ್ಟಿಕೊಂಡು, ಅದರ ಮರಳು ಹಿಡಿದಿಟ್ಟ ಮಳೆನೀರನ್ನು ಬಾವಿಯಿಂದ ಸೇದಿ ಕುಡಿಯುವ ಮೀನುಗಾರ ಕುಟುಂಬಗಳನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ತೀರಕ್ಕೆ ಬೇಲಿ ಹಾಕಿರೆಂದು ನಾನು ಹೇಳುತ್ತಿಲ್ಲ. ದೋಣಿ ಎಳೆಯಲು ದಾರಿ ಬೇಕು, ಮಕ್ಕಳಿಗೆ ಆಟದ ಬಯಲು ಬೇಕು. ಅಲ್ಲಲ್ಲಿ ಓಣಿ ಬಿಟ್ಟರೆ ಎರಡೂ ಸಾಧ್ಯ. ನನ್ನ ಸಲಹೆ ಕಾಲೇಜಿನ ಮಟ್ಟದ್ದು. ತೀರ ಸ್ವಚ್ಛಗೊಳಿಸುವ ಶ್ರಮದಾನಗಳಲ್ಲಿ ಪ್ಲಾಸ್ಟಿಕ್ಕಿನೊಡನೆ ಬಳ್ಳಿಯನ್ನೂ ಎಳೆದು ಗುಡ್ಡೆ ಹಾಕುವುದುಂಟು. ರಾಷ್ಟ್ರೀಯ ಸೇವಾ ಯೋಜನೆಯ ಮುಂದಿನ ಶಿಬಿರಕ್ಕೆ ಮೊದಲು ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ಗಂಟೆ ನಮ್ಮನ್ನು ದಿಣ್ಣೆಯ ಮೇಲೆ ನಡೆಸಿ, ಯಾವುದು ಕಸ, ಯಾವುದು ಅಲ್ಲವೆಂದು ತೋರಿಸಲಿ. ಬಳ್ಳಿ ಹರಿದುಹೋದಲ್ಲಿ ಅದರದೇ ತುಂಡುಗಳನ್ನು ಮಳೆ ಹಿಡಿದ ಮೇಲೆ ನಾವೇ ಊರೋಣ. ಗಿಣ್ಣು ಮರಳಿನೊಳಗಿದ್ದರೆ ಸಾಕು, ಬೇರು ಬಿಡುತ್ತದೆ.